ಬಾರ್ಜ್ ಪ್ರವಾಸ: ಇನ್ನು ಮುಂದೆ ಉಬ್ಬರ ನೋಡಿ ಹೊರಡುತ್ತೇವೆ

ಪ್ರಿಯ ಗ್ರಾಹಕರೇ,

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಮಾಲ್ಡನ್‌ನಿಂದ ಹೊರಡುವ ನಮ್ಮ ವಾರಾಂತ್ಯದ ಹಾಯಿ ಬಾರ್ಜ್ (ಹಿಂದೆ ಸರಕು ಸಾಗಿಸುತ್ತಿದ್ದ ಹಾಯಿ ಹಡಗು) ಪ್ರವಾಸದ ವೇಳೆ ಮುಂದಿನ ಸೀಸನ್‌ನಿಂದ ಬದಲಾಗುತ್ತಿದೆ. ಇಲ್ಲಿಯವರೆಗೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹತ್ತುವುದು, ಭಾನುವಾರ ಸಂಜೆ ನಾಲ್ಕಕ್ಕೆ ಇಳಿಯುವುದು ಅಂತ ಇತ್ತು. ಇನ್ನು ಮುಂದೆ ಒಂದೊಂದು ವಾರಾಂತ್ಯಕ್ಕೆ ಒಂದೊಂದು ಹೊತ್ತು. ಕೆಲವು ಪ್ರವಾಸ ಶುಕ್ರವಾರ ರಾತ್ರಿಯೇ ಶುರುವಾಗುತ್ತವೆ, ಕೆಲವು ಶನಿವಾರ ಮಧ್ಯಾಹ್ನ. ಅದಕ್ಕೆ ತಕ್ಕಂತೆ ದರವೂ ಎರಡು ಬಗೆ.

ಕಾರಣ ನೀರು. ಮಾಲ್ಡನ್‌ನ ಹೈದ್ ದಕ್ಕೆಯನ್ನು ನೋಡಿದವರಿಗೆ ಇದು ಗೊತ್ತು. ಇಳಿತದ ಹೊತ್ತಿಗೆ ಅಲ್ಲಿ ಹೊಳೆಯೇ ಇರುವುದಿಲ್ಲ, ಬರೀ ಕೆಸರು. ಬಾರ್ಜ್‌ಗಳೆಲ್ಲ ಆ ಕೆಸರಿನ ಮೇಲೆ ಕೂತಿರುತ್ತವೆ. ಉಬ್ಬರ ತುಂಬಿದಾಗ, ಅದರ ಸ್ವಲ್ಪ ಹಿಂದೆ ಮುಂದೆ ಮಾತ್ರ ಹೊರಡಬಹುದು, ಒಳಗೆ ಬರಬಹುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಹತ್ತಕ್ಕೆ ನೀರು ತುಂಬಿದ್ದರೆ ನಾಳೆ ಹತ್ತು ಐವತ್ತರ ಸುಮಾರಿಗೆ. ಪ್ರತಿ ಶನಿವಾರ ಹತ್ತು ಗಂಟೆಗೆ ಸರಿಯಾಗಿ ನೀರು ಬಾ ಅಂದರೆ ಬರುತ್ತದೆಯೇ?

ಹಾಗಾದರೆ ಇಷ್ಟು ದಿನ ಹತ್ತು ಗಂಟೆಗೆ ಹೇಗೆ ಹೊರಡುತ್ತಿದ್ದೆವು? ನೀರು ಹೊಂದದ ವಾರಗಳಲ್ಲಿ ಬಾರ್ಜನ್ನು ಮೊದಲೇ ಬ್ಲಾಕ್‌ವಾಟರ್ ಹೊಳೆಯ ಕೆಳಭಾಗಕ್ಕೆ ಒಯ್ದು, ಬ್ರಾಡ್‌ವೆಲ್ ಹತ್ತಿರ ಲಂಗರು ಹಾಕಿ ಇಡುತ್ತಿದ್ದೆವು. ನಿಮ್ಮನ್ನು ವ್ಯಾನಿನಲ್ಲಿ ಅಲ್ಲಿಗೆ ಕರೆದೊಯ್ದು, ಸಣ್ಣ ದೋಣಿಯಲ್ಲಿ ಚೀಲ, ಹಾಸಿಗೆ, ಅಜ್ಜಿ, ಮಕ್ಕಳು ಎಲ್ಲರನ್ನೂ ಹತ್ತಿಸುತ್ತಿದ್ದೆವು. ಗಾಳಿ ಜಾಸ್ತಿ ಇದ್ದ ದಿನ ಅದು ಸುಲಭದ ಕೆಲಸ ಅಲ್ಲ. ಭಾನುವಾರ ನಾಲ್ಕು ಗಂಟೆ ತಪ್ಪಬಾರದು ಅಂತ ಎದುರು ನೀರಿಗೆ ಎಂಜಿನ್ ಹಾಕಿಕೊಂಡು ಬರುವುದು ಬೇರೆ. ಹಾಯಿ ಪ್ರವಾಸಕ್ಕೆ ದುಡ್ಡು ಕೊಟ್ಟವರು ಡೀಸೆಲ್ ವಾಸನೆ ಕುಡಿಯುತ್ತಾ ಕೂರಬೇಕಿತ್ತು.

ಈ ಬಾರ್ಜ್‌ಗಳನ್ನು ಕಟ್ಟಿದ್ದೇ ಉಬ್ಬರ ಇಳಿತದ ಜೊತೆ ಬದುಕುವುದಕ್ಕೆ. ಸುಮಾರು 80, 90 ಅಡಿ ಉದ್ದ, ಆದರೆ ತಳ ಚಪ್ಪಟೆ. ಖಾಲಿ ಇದ್ದಾಗ ಮೂರಡಿಯಷ್ಟು ನೀರಿದ್ದರೆ ತೇಲುತ್ತದೆ. ನೀರು ಹೋದರೆ ವಾಲದೆ ನೆಟ್ಟಗೆ ಕೂರುತ್ತದೆ. ಕೆಳಗೆ ಆಳವಾದ ಕೀಲ್ (ತಳದಿಂದ ನೀರೊಳಗೆ ಇಳಿಯುವ ಅಲಗು) ಇಲ್ಲದ ಕಾರಣ ಗಾಳಿಗೆ ಪಕ್ಕಕ್ಕೆ ಜಾರಬಾರದು ಅಂತ ಎರಡೂ ಬದಿಗೆ ದೊಡ್ಡ ಹಲಗೆಗಳಿವೆ. ಬೇಕಾದಾಗ ಇಳಿಸುವುದು, ನೀರು ಕಮ್ಮಿಯಾದರೆ ಎತ್ತುವುದು. ಎಸೆಕ್ಸ್‌ನ ಹೊಲಗಳಿಂದ ಲಂಡನ್ನಿನ ಕುದುರೆಗಳಿಗೆ ಹುಲ್ಲು ಹೊತ್ತು, ವಾಪಸ್ ಬರುವಾಗ ಅದೇ ಕುದುರೆಗಳ ಗೊಬ್ಬರ ತುಂಬಿಕೊಂಡು ಬರುತ್ತಿದ್ದವು. ಇಷ್ಟು ದೊಡ್ಡ ಹಡಗನ್ನು ಸ್ಕಿಪ್ಪರ್ (ಹಡಗಿನ ನಾಯಕ) ಮತ್ತು ಮೇಟ್ (ಅವನ ಸಹಾಯಕ) ಅಂತ ಇಬ್ಬರೇ ನಡೆಸುತ್ತಿದ್ದರು. ಎಂಜಿನ್ ಇಲ್ಲದೆ ಬರೀ ಹಾಯಿಯಲ್ಲಿ ಸರಕು ಸಾಗಿಸಿದ ಕೊನೆಯ ಬಾರ್ಜ್ ಕೇಂಬ್ರಿಯಾ. ಅದು 1970ರವರೆಗೂ ದುಡಿಯಿತು. ಇಳಿತದ ಜೊತೆ ಹೊಳೆ ಇಳಿಯುವುದು, ಉಬ್ಬರದ ಜೊತೆ ಹತ್ತುವುದು, ನಡುವೆ ಲಂಗರು ಹಾಕಿ ಕಾಯುವುದು, ಆ ಜನ ಮಾಡುತ್ತಿದ್ದದ್ದು ಇಷ್ಟೇ. ನಾವು ಈಗ ಅದನ್ನೇ ಮಾಡಲು ಹೊರಟಿದ್ದೇವೆ.

ನಿಮ್ಮ ಪಾಲಿಗೆ ಇದರ ಲೆಕ್ಕ ಹೀಗೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಉಬ್ಬರ ಎಲ್ಲಕ್ಕಿಂತ ದೊಡ್ಡದು. ಆ ದಿನಗಳಲ್ಲಿ ಮಾಲ್ಡನ್‌ನಲ್ಲಿ ನೀರು ತುಂಬುವುದು ಮಧ್ಯಾಹ್ನ ಹನ್ನೆರಡು, ಒಂದರ ಸುಮಾರಿಗೆ. ಹಾಗಾಗಿ ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಮಧ್ಯಾಹ್ನದ ಉಬ್ಬರಕ್ಕೆ ವಾಪಸ್. ಇದು ಚಿಕ್ಕ ವಾರಾಂತ್ಯ. ಅಷ್ಟಮಿ ಕಳೆದ ದಿನಗಳಲ್ಲಿ ಉಬ್ಬರ ಸಣ್ಣದು, ನೀರು ತುಂಬುವುದು ಬೆಳಿಗ್ಗೆ ಆರೇಳಕ್ಕೆ ಮತ್ತು ಮತ್ತೆ ಸಂಜೆ. ಆಗ ನೀವು ಶುಕ್ರವಾರ ರಾತ್ರಿ ದಕ್ಕೆಯಲ್ಲೇ ಬಾರ್ಜ್ ಹತ್ತಿ ಮಲಗಿಬಿಡಬೇಕು. ಬೆಳಕು ಹರಿಯುವಾಗ ಹೊರಟು, ಭಾನುವಾರ ರಾತ್ರಿ ಎಂಟರ ಹೊತ್ತಿಗೆ ದಡ. ಇದು ಉದ್ದದ್ದು. ನಡುವಿನ ವಾರಗಳಲ್ಲಿ ಹೊತ್ತು ಇವೆರಡರ ಮಧ್ಯೆ ಎಲ್ಲೋ ಬೀಳುತ್ತದೆ, ಕೆಲವು ಸಲ ಹಳೆಯ ಹತ್ತು ಗಂಟೆಗೇ.

ಚಿಕ್ಕ ವಾರಾಂತ್ಯಕ್ಕೆ ಈಗಿನದಕ್ಕಿಂತ ಕಡಿಮೆ ದರ, ಉದ್ದದ್ದಕ್ಕೆ ಜಾಸ್ತಿ. ದರಪಟ್ಟಿಯೂ ಪ್ರತಿ ದಿನಾಂಕದ ಹೊತ್ತೂ ಜೊತೆಗಿವೆ. ನಮ್ಮನ್ನು ಕೇಳಿದರೆ, ಮೊದಲ ಸಲ ಬರುವವರಿಗೆ, ಅದರಲ್ಲೂ ಸಣ್ಣ ಮಕ್ಕಳಿರುವವರಿಗೆ ಚಿಕ್ಕದೇ ಸಾಕು. ಹಾಯಿ ಎಳೆಯುವ ಆಸೆ ಇರುವವರು ಉದ್ದದ್ದು ತೆಗೆದುಕೊಳ್ಳಿ. ಆದರೆ ಸೋಮವಾರ ಬೆಳಿಗ್ಗೆ ಆಫೀಸ್ ಇದ್ದವರು ಒಂದು ವಿಷಯ ನೆನಪಿಡಿ: ಮಾಲ್ಡನ್‌ನಲ್ಲಿ ರೈಲು ನಿಲ್ದಾಣ ಇಲ್ಲ. ಭಾನುವಾರ ರಾತ್ರಿ ವಿಥಮ್ ಅಥವಾ ಚೆಲ್ಮ್ಸ್‌ಫರ್ಡ್‌ಗೆ ಹೋಗಿ ರೈಲು ಹಿಡಿಯಬೇಕು. ಟ್ಯಾಕ್ಸಿ ಮೊದಲೇ ಹೇಳಿಡಿ.

ಎಲ್ಲಿಗೆ ಹೋಗುತ್ತೇವೆ ಅನ್ನುವುದನ್ನೂ ಇನ್ನು ಮುಂಚಿತವಾಗಿ ಬರೆದುಕೊಡುವುದಿಲ್ಲ. ಪಶ್ಚಿಮದ ಗಾಳಿ ಇದ್ದರೆ ಆರಾಮವಾಗಿ ಹೊಳೆ ದಾಟಿ ಪಕ್ಕದ ಕೋಲ್ನ್ ಹೊಳೆಯ ಕಡೆಗೆ, ಬ್ರೈಟ್‌ಲಿಂಗ್‌ಸೀವರೆಗೂ ಹೋಗಬಹುದು. ಪೂರ್ವದ ಗಾಳಿ ಎದುರಿಗೆ ಬಂದರೆ ವೆಸ್ಟ್ ಮರ್ಸಿ ತಲುಪಿದರೇ ದೊಡ್ಡದು. ಗಾಳಿ ಜೋರಾದರೆ ಓಸಿ ದ್ವೀಪದ ಮರೆಯಲ್ಲಿ ಲಂಗರು. ಆ ನಿರ್ಧಾರ ಸ್ಕಿಪ್ಪರದು, ಅದರ ಮೇಲೆ ನಮ್ಮದೂ ನಡೆಯುವುದಿಲ್ಲ, ನಿಮ್ಮದೂ ನಡೆಯುವುದಿಲ್ಲ. ಹೊರಡುವುದೇ ಬೇಡ ಅಂತ ಅವರು ಹೇಳಿದರೆ ಪೂರ್ತಿ ಹಣ ವಾಪಸ್, ಇಲ್ಲವೇ ಬೇರೆ ದಿನಾಂಕ.

ಬದಲಾಗದ ಒಂದು ವಿಷಯವನ್ನೂ ಹೇಳಬೇಕು, ಯಾಕೆಂದರೆ ಪದೇ ಪದೇ ಕೇಳುತ್ತೀರಿ. ಗುಂಪಿಗೆ 12 ಜನ, ಅಷ್ಟೇ. 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಬ್ರಿಟನ್‌ನ ಕಾನೂನಿನಲ್ಲಿ ಅದು ಪ್ರಯಾಣಿಕರ ಹಡಗು, ಅದಕ್ಕೆ ಬೇರೆಯೇ ಪ್ರಮಾಣಪತ್ರ ಬೇಕು. ಒಂದು ವರ್ಷದೊಳಗಿನ ಕೂಸು ಲೆಕ್ಕಕ್ಕಿಲ್ಲ. ಅದಕ್ಕಿಂತ ದೊಡ್ಡ ಮಗು ಮಡಿಲಲ್ಲೇ ಕೂತರೂ ಒಂದು ಸೀಟೇ. "ಇನ್ನೊಬ್ಬರು ತಾನೇ, ಸುಮ್ನೆ ಅಡ್ಜಸ್ಟ್ ಮಾಡಿ" ಅನ್ನಬೇಡಿ, ಪ್ಲೀಸ್. ದೊಡ್ಡ ಬಳಗವಾದರೆ ಎರಡು ವಾರಾಂತ್ಯ ಹಂಚಿಕೊಳ್ಳಿ.

ಮಲಗುವುದು ಹಿಂದೆ ಸರಕು ತುಂಬುತ್ತಿದ್ದ ಜಾಗದಲ್ಲೇ, ಬಂಕ್‌ಗಳಲ್ಲಿ. ಕುಡಿಯುವ ನೀರಿಗೆ ತೊಂದರೆ ಇಲ್ಲ, ಸ್ನಾನಕ್ಕೆ ಮಾತ್ರ ಸಾಲದು. ಲಂಗರು ಎತ್ತುವುದು ಈಗಲೂ ಕೈಯಿಂದಲೇ, ಹ್ಯಾಂಡಲ್ ತಿರುಗಿಸಿ. ಬೆಳಿಗ್ಗೆ ಐದೂವರೆಗೆ ಕರೆದರೆ ಬೈಯಬೇಡಿ. ದೊಡ್ಡ ಹಾಯಿಯನ್ನು ಕೆಳಗಿಳಿಸುವುದಿಲ್ಲ, ಪರದೆ ಸರಿಸಿದ ಹಾಗೆ ಕಂಬದ ಕಡೆಗೆ ಎಳೆದು ಮುದುರುತ್ತೇವೆ. ಅದಕ್ಕೆ ನಿಮ್ಮ ಕೈಯೂ ಬೇಕು. ಹಾಯಿಗೆ ಹಚ್ಚಿದ ಕೆಮ್ಮಣ್ಣು ಮತ್ತು ಎಣ್ಣೆ ಬಟ್ಟೆಗೆ ಹತ್ತುತ್ತದೆ, ತೊಳೆದರೆ ಹೋಗುವುದಿಲ್ಲ. ಒಳ್ಳೆಯ ಜಾಕೆಟ್ ಮನೆಯಲ್ಲೇ ಇರಲಿ.

ಈಗಾಗಲೇ ಬುಕ್ ಮಾಡಿದವರಿಗೆ ನಿಮ್ಮ ದಿನಾಂಕದ ಹೊಸ ಹೊತ್ತನ್ನು ಪ್ರತ್ಯೇಕವಾಗಿ ಕಳಿಸುತ್ತೇವೆ. ಹೊಂದುತ್ತದೆ ಅಂದರೆ ಏನೂ ಮಾಡಬೇಕಿಲ್ಲ. ನಿಮ್ಮದು ಉದ್ದದ ವಾರಾಂತ್ಯವಾದರೂ ಹಳೆಯ ದರವೇ. ಚಿಕ್ಕದಾದರೆ ವ್ಯತ್ಯಾಸದ ಹಣವನ್ನು ನಿಮ್ಮ ಖಾತೆಗೆ ಹಾಕುತ್ತೇವೆ. ಹೊಂದದಿದ್ದರೆ ಈ ತಿಂಗಳ ಕೊನೆಯೊಳಗೆ ತಿಳಿಸಿ. ದಿನಾಂಕ ಬದಲಿಸಿಕೊಳ್ಳಬಹುದು, ಇಲ್ಲವೇ ಹಣ ವಾಪಸ್ ಪಡೆಯಬಹುದು. ಹುಣ್ಣಿಮೆಯ ವಾರಾಂತ್ಯಗಳು ಬೇಗ ತುಂಬುತ್ತವೆ, ಬೇಕಿದ್ದವರು ತಡ ಮಾಡಬೇಡಿ.

ಇಂತಿ,
ಬುಕಿಂಗ್ ವಿಭಾಗ,
ಸಂಘದ ಎಲ್ಲ ಸದಸ್ಯರ ಪರವಾಗಿ