ಕುಡಿದು ಬಿದ್ದವನ್ನ ಮಲಗಿಸಿ ಬಾಗಿಲು ಹಾಕಬ್ಯಾಡ್ರಿ

ಸಂಪಾದಕರೇ,

ರಾಯಚೂರಿನ್ಯಾಗ ನಮ್ಮ ಮನಿ ಮ್ಯಾಲಿನ ಎರಡು ರೂಮು ಕಾಲೇಜು ಹುಡುಗರಿಗೆ ಬಾಡಿಗಿ ಕೊಟ್ಟೀವಿ, ಮಾನ್ವಿ ಸಿಂಧನೂರು ದೇವದುರ್ಗ ಕಡೀಂದ ಬಂದೋರು, ಅವ್ವ ಅಪ್ಪ ಭತ್ತ ಹತ್ತಿ ಬೆಳೆದು ಫೀಸ್ ಕಟ್ಟೋ ಮನಿ ಮಕ್ಕಳು. ಹೋದ ಐಪಿಎಲ್ ಟೈಮಿನ್ಯಾಗ ಒಂದಿನ ರಾತ್ರಿ ಗದ್ದಲ ಕೇಳಿ ಮ್ಯಾಲ ಹೋದ್ರ, ಸಿಕ್ಸರ್ ಬಿದ್ದಾಗೊಮ್ಮೆ ಒಂದು ಪೆಗ್, ನೀರು ಹಾಕಂಗಿಲ್ಲ, ಹಿಂದ ಸರದ್ರ ಡಬಲ್ ಅನ್ನೋ ಆಟ ನಡದಿತ್ತು. ಒಬ್ಬ ಹುಡುಗ ಮೂಲ್ಯಾಗ ಅಂಗಾತ ಬಿದ್ದಿದ್ದ, ಅಲುಗಾಡಿಸಿದ್ರೂ ಓ ಅನ್ನವಲ್ಲ, ತುಟಿ ನೀಲಿ ಆಗಿತ್ತು. ಉಳಿದವರು ಏನಾಗಲ್ಲ ಆಂಟಿ, ಮಲಗಿದ್ರ ಮುಂಜಾನಿ ಸರಿ ಆಗ್ತಾನ ಅಂದ್ರು. ಪಕ್ಕಕ್ಕ ಹೊರಳಿಸಿದ್ನೋ ಇಲ್ಲೋ ವಾಂತಿ ಆತು, ಅಂಗಾತನೇ ಇದ್ದಿದ್ರ ಅದೇ ಉಸಿರುಗೊಳವಿಗೆ ಹೋಗ್ತಿತ್ತು. 108ಕ್ಕ ಫೋನ್ ಮಾಡಿ ದವಾಖಾನಿಗೆ ಒಯ್ದ್ವಿ, ಉಳಕೊಂಡ.

ಈ ಮಲಗಿದ್ರ ಸರಿ ಆಗ್ತಾನ ಅನ್ನೋ ಮಾತೇ ಜೀವ ತೆಗಿಯೋದು. ನಮ್ಮಲ್ಲಿ ಸಿಗೋ ವಿಸ್ಕಿ ರಮ್ಮಿನ್ಯಾಗ 42.8 ಪರ್ಸೆಂಟ್ ಆಲ್ಕೋಹಾಲ್ ಇರ್ತದ, 180 ಎಂಎಲ್ ಕ್ವಾರ್ಟರ್ ಅಂದ್ರ ಹತ್ತಿರ ಹತ್ತಿರ 60 ಗ್ರಾಂ ಆತು, ಲಿವರ್ ತಾಸಿಗೆ ಹೆಚ್ಚುಕಮ್ಮಿ 10 ಗ್ರಾಂ ಅಷ್ಟೇ ಕರಗಸ್ತದ, ಅದನ್ನ ಅರ್ಧ ತಾಸಿನ್ಯಾಗ ಇಳಿಸಿದವನ ಹೊಟ್ಟ್ಯಾಗ ಇರೋದು ಅಂವ ಎಚ್ಚರ ತಪ್ಪಿದ ಮ್ಯಾಲೂ ರಕ್ತಕ್ಕ ಏರ್ತಾನೇ ಇರ್ತದ. ನಿಂಬಿರಸ, ಮಜ್ಜಿಗಿ, ಕಾಫಿ ಯಾವುದಕ್ಕೂ ಅದು ಲಗೂನ ಇಳಿಯಂಗಿಲ್ಲ. ತಣ್ಣೀರು ಹೊಯ್ಯೋದಂತೂ ಬ್ಯಾಡೇ ಬ್ಯಾಡ, ಮೊದಲೇ ತಣ್ಣಗಾಗೋ ಮೈ ಇನ್ನೂ ತಣ್ಣಗಾಗ್ತದ.

ಆಮ್ಯಾಲೆ ಕೇಳಿದೆ, ಯಾಕಪ್ಪ ನೀವೇ ಫೋನ್ ಮಾಡ್ಲಿಲ್ಲ ಅಂತ. ಕಾಲೇಜಿಗೆ ಗೊತ್ತಾದ್ರ ಟಿಸಿ ಕೈಯಾಗ ಕೊಡ್ತಾರ ಆಂಟಿ ಅಂತ ಅತ್ತ್ರು. ಗೆಳೆಯನ ಜೀವಕ್ಕಿಂತ ಟಿಸಿ ಭಯ ದೊಡ್ಡದು ಮಾಡಿಟ್ಟೋರು ಯಾರು? ಪ್ರಿನ್ಸಿಪಾಲರು ವಾರ್ಡನ್‌ಗಳು ಅಡ್ಮಿಷನ್ ದಿನಾನೇ ಹೇಳ್ಬೇಕು, ಗೆಳೆಯನಿಗಾಗಿ 108ಕ್ಕ ಫೋನ್ ಮಾಡಿದವನಿಗೆ ಶಿಕ್ಷೆ ಇಲ್ಲ ಅಂತ. ಕುಡಿಯೋದು ಬಿಡಾಕ ಆಗವಲ್ದು ಅನ್ನೋ ಹುಡುಗರಿಗೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅದ, ಫ್ರೀ, ಕನ್ನಡದಾಗೇ ಮಾತಾಡ್ತಾರ.

ಮದ್ಯ ಬಂದ್ ಮಾಡ್ರಿ ಅಂತ 2019ರ ಜನವರಿಯಾಗ ನಮ್ಮ ಜಿಲ್ಲಾದ ಹೆಣ್ಮಕ್ಕಳೂ ಚಿತ್ರದುರ್ಗದಿಂದ ಬೆಂಗಳೂರು ತನಕ ನಡದ್ರು, ಆ ಬೇಡಿಕಿ ನಂದೂ ಹೌದು. ಆದ್ರ ಅದು ಈಡೇರೋ ತನಕ ಈ ಮಕ್ಕಳು ಕಾಯಂಗಿಲ್ಲ. ನಮ್ಮ ರೂಮಿನ ಬಾಗಿಲಿಗೆ 108 ಅಂತ ದೊಡ್ಡದಾಗಿ ಬರೆದೀನಿ. ಹೊಸ ಬ್ಯಾಚ್ ಬರೋದ್ರೊಳಗ ಕಾಲೇಜಿನವರೂ ನೋಟಿಸ್ ಬೋರ್ಡಿಗೆ ಹಾಕ್ಲಿ.

– ಒಬ್ಬ ಮನಿ ಮಾಲಕಿ, ರಾಯಚೂರು