ಅಪ್ಪ ಕೇಳಿದ್ದಕ್ಕೆ ಉತ್ತರ

ನ್ಯೂರೆಂಬರ್ಗ್

ಅಪ್ಪ, ಅಮ್ಮ, ಪುಟ್ಟಿ,

ನಾನು ಆರಾಮಾಗಿದ್ದೇನೆ. ಶೇಂಗಾ ಚಟ್ನಿಪುಡಿ ಇನ್ನೂ ಇದೆ, ಅಮ್ಮ ಊಟದ ಚಿಂತೆ ಮಾಡೋದು ಬೇಡ.

ಕೆಲಸ ಸಿಕ್ಕಿದ ಮೇಲೂ ರಾತ್ರಿ ಕೂತು ಏನು ಓದ್ತೀಯ ಅಂತ ಅಪ್ಪ ಕೇಳಿದ್ದರು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇಷ್ಟು ದಿನ ನಾನು ಮಾಡಿದ್ದು ಜನರ ಕಣ್ಣಿಗೆ ಕಾಣುವ ಕೆಲಸ: ವೆಬ್‌ಸೈಟಿನ ಪುಟ, ಬಟನ್, ಫಾರ್ಮ್. ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಎರಡೂ ಕೈಗೆ ಹತ್ತಿವೆ. ಆದರೆ ಆ ಕೋಡ್ ಓಡುವ ಸರ್ವರ್ ನೋಡಿಕೊಳ್ಳುವವರು ಬೇರೆ. ಸೈಟಿನಲ್ಲಿ 502 ಅಂತ ಬಂದರೆ, ಅಂದರೆ ಮುಂದೆ ನಿಂತು ಜನರ ಕೋರಿಕೆ ತೆಗೆದುಕೊಳ್ಳುವ ಪ್ರೋಗ್ರಾಂ ಎನ್‌ಜಿನ್‌ಎಕ್ಸ್‌ಗೆ ಹಿಂದಿನ ಪ್ರೋಗ್ರಾಮಿನಿಂದ ಸರಿಯಾದ ಉತ್ತರ ಸಿಗದಿದ್ದರೆ, ನಾನು ಅವರಿಗೆ ಮೆಸೇಜ್ ಹಾಕಿ ಕಾಯಬೇಕು. ಮೆಮೊರಿ ಮುಗಿಯಿತಾ, ಡಿಸ್ಕ್ ತುಂಬಿತಾ, ಡೇಟಾಬೇಸ್ ನಿಂತಿತಾ? ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ಓದಿ ನಾನೇ ಹೇಳುವಂತಾಗಬೇಕು. ಈ ವರ್ಷ ನನಗೆ ಬೇಕಿರುವುದು ಅದು.

ಅದಕ್ಕೇ ನನ್ನ ದುಡ್ಡಿನಲ್ಲಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಅವತ್ತೇ ಸಂಜೆ ಲಾಗ್ ತೆರೆದರೆ ಯಾರ‍್ಯಾರೋ 'ರೂಟ್', 'ಅಡ್ಮಿನ್' ಅಂತ ಹೆಸರು ಕೊಟ್ಟು ಒಂದರ ಹಿಂದೆ ಒಂದು ಪಾಸ್‌ವರ್ಡ್ ಹೊಡೆಯುತ್ತಿದ್ದರು. ಸಾಲುಗಳು ನಿಲ್ಲುತ್ತಲೇ ಇರಲಿಲ್ಲ. ಪಾಸ್‌ವರ್ಡ್ ಲಾಗಿನ್ ಮೊದಲೇ ಬಂದ್ ಮಾಡಿ ಕೀ (ನನ್ನ ಹತ್ತಿರ ಮಾತ್ರ ಇರುವ ಗುಟ್ಟಿನ ಫೈಲ್) ಇಟ್ಟಿದ್ದರಿಂದ ಯಾರೂ ಒಳಗೆ ಬರಲಿಲ್ಲ. ಫೈರ್‌ವಾಲ್ ಅಂದರೆ ಭದ್ರಾ ನಾಲೆಯ ತೂಬು ಇದ್ದ ಹಾಗೆ, ಅಪ್ಪ. ಬೇಕಾದ್ದು ಮಾತ್ರ ತೆರೆಯಬೇಕು. ಸರ್ವರಿನ ಬಾಗಿಲುಗಳಂತಿರುವ 65,535 ಪೋರ್ಟ್‌ಗಳಲ್ಲಿ ನಾನು ತೆರೆದಿರುವುದು 22 (ನಾನು ಲಾಗಿನ್ ಆಗಲು), 80 ಮತ್ತು 443 (ವೆಬ್‌ಸೈಟಿಗೆ) ಮಾತ್ರ.

ಸುಮ್ನೆ ಕಲಿತರೆ ತಲೆಯಲ್ಲಿ ನಿಲ್ಲಲ್ಲ, ನಿಜವಾದ ಕೆಲಸ ಒಂದು ಬೇಕು. ಮುಂದಿನ ಮೆಕ್ಕೆಜೋಳದ ಸುಗ್ಗಿ ಹೊತ್ತಿಗೆ ನಮ್ಮ ಅಂಗಡಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಮಾಡಿಕೊಡುತ್ತೇನೆ. ಪೈಥಾನ್ ಭಾಷೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರಡೂ ಅದರಲ್ಲೇ ಕಲಿತ ಹಾಗಾಗುತ್ತದೆ. ಚೀಲದ ತೂಕ ಬರೆದ ಮೇಲೆ ರೈತರಿಗೆ ಕೊಟ್ಟ ದುಡ್ಡು ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು ಅನ್ನಿ, ಆಗ ಎರಡೂ ಉಳಿಯಬೇಕು, ಇಲ್ಲ ಎರಡೂ ಉಳಿಯಬಾರದು. ಅರ್ಧ ಲೆಕ್ಕ ಮಾತ್ರ ಉಳಿಯಲೇಬಾರದು. ಇದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಮಂಡಿಯಲ್ಲಿ ಕೂತವರಿಗೆ ಇದರ ಬೆಲೆ ನಾನು ಹೇಳಬೇಕಾ?

ಆಮೇಲೆ ಬ್ಯಾಕಪ್. ಸರ್ವರಿನ ಗಡಿಯಾರ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿದೆ. ಆ ಗಡಿಯಾರದಲ್ಲಿ ಸಂಜೆ 5 ಅಂದರೆ ದಾವಣಗೆರೆಯಲ್ಲಿ ರಾತ್ರಿ 10:30. ಅಷ್ಟೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತೀರಿ, ಹೇಳಿದ ಹೊತ್ತಿಗೆ ತಾನೇ ಕೆಲಸ ಶುರುಮಾಡುವ ಕ್ರಾನ್ ಆಗ ಓಡಿ ಪ್ರತಿ ತೆಗೆದು ಬೇರೆ ಕಡೆ ಇಡುತ್ತದೆ. ಪ್ರತಿ ತೆಗೆದರೆ ಸಾಲದು, ಆಗಾಗ ಅದನ್ನು ಖಾಲಿ ಮಷಿನ್ನಿಗೆ ಹಾಕಿ ಲೆಕ್ಕ ಪೂರ್ತಿ ಬಂತಾ ಅಂತ ನೋಡಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನಾನು ಬಿಡಲ್ಲ. ಬಹಳ ಮಷಿನ್ ಒಟ್ಟಿಗೆ ನಡೆಸಲು ಬಳಸುವ ಕುಬರ್ನೆಟೀಸ್ ಕಲಿ ಅಂತ ಇಲ್ಲಿ ಗೆಳೆಯರು ಹೇಳುತ್ತಲೇ ಇರುತ್ತಾರೆ. ಒಂದು ಮಷಿನ್ ನೆಟ್ಟಗೆ ನಡೆಸಲು ಬಂದ ಮೇಲೆ ಅದೆಲ್ಲ.

ಪುಟ್ಟಿ, ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡ, ಅದರ ಮೇಲೆ ಡೆಬಿಯನ್ ಹಾಕಿಕೋ. ಮೊದಲು ಗ್ರೆಪ್ (ಫೈಲಿನೊಳಗೆ ಪದ ಹುಡುಕುವ ಕಮಾಂಡ್) ಮತ್ತು ಫೈಲ್ ಪರ್ಮಿಷನ್ (ಫೈಲನ್ನು ಯಾರು ಓದಬಹುದು, ತಿದ್ದಬಹುದು ಅನ್ನೋದು) ಕಲಿ. ಏನೋ ನಡೆಯಲಿಲ್ಲ ಅಂತ 777 ಪರ್ಮಿಷನ್ ಕೊಡಬೇಡ, ಆ ಮಷಿನ್ ಒಳಗಿರುವ ಯಾರು ಬೇಕಾದರೂ ಆ ಫೈಲ್ ತಿದ್ದಬಹುದು ಅಂದ ಹಾಗೆ ಅದು. ಕಷ್ಟ ಅನಿಸಿದರೆ ನನಗೆ ಫೋನ್ ಮಾಡು, ಇಬ್ಬರೂ ಕೂತು ನೋಡೋಣ.

ಅಪ್ಪ, ಖಾತೆ ಪುಸ್ತಕದ ಎರಡು ಪುಟದ ಫೋಟೋ ಪುಟ್ಟಿ ಕೈಲಿ ಕಳಿಸಿ. ರೈತರ ಹೆಸರಿನ ಮೇಲೆ ಕಾಗದ ಇಟ್ಟು ತೆಗೆಯಲಿ. ನೀವು ಕಾಲಂ ಹೇಗೆ ಹಾಕುತ್ತೀರೋ ಪ್ರೋಗ್ರಾಮಿನಲ್ಲೂ ಹಾಗೇ ಇರಬೇಕು. ಹಮಾಲಿ, ತೂಕದ ಖರ್ಚು ಎಲ್ಲಿ ಕಳೆಯುತ್ತೀರಿ ಅಂತ ಪಕ್ಕದಲ್ಲಿ ಬರೆದಿಡಿ.

ನಿಮ್ಮ ಮಗ