ಕೈಯಾಗಿನ ಕಸುವು ಹುಡುಕ್ಕೊಂಡು ಹೋದ ಆರು ವರ್ಷ, ಮತ್ತೆ ಜೊತೆಗಿದ್ದೋರು

ಎಲ್ರಿಗೂ ನಮಸ್ಕಾರ. ಮೆದುಳಿಗೆ ಇನ್‌ಫೆಕ್ಷನ್ ಆದ್ರೆ ಸ್ನಾಯು ಯಾಕೆ ಸೋಲುತ್ತೆ ಅನ್ನೋದರ ಮೇಲೆ ಮಾಡಿದ ನನ್ನ ಪಿಎಚ್‌ಡಿ ವೈವಾ, ಅಂದ್ರೆ ಕೊನೇ ಮೌಖಿಕ ಪರೀಕ್ಷೆ, ಮೊನ್ನೆ ಗುರುವಾರ ಮುಗೀತು. ಫೋನ್ ಮಾಡಿದೋರಿಗೆಲ್ಲ ಥ್ಯಾಂಕ್ಸ್ ಅಂತ ಒಂದು ಮಾತಲ್ಲಿ ಹೇಳಿ ಇಟ್ಬಿಟ್ಟೆ, ಅದು ಸಾಲ್ದು ಅನಿಸ್ತು, ಅದಕ್ಕೆ ಇದನ್ನ ಬರೀತಿದೀನಿ.

ನಮ್ಮ ಸೋದರಮಾವನಿಗೆ ಚಿಕ್ಕ ವಯಸ್ಸಲ್ಲಿ ಮೆದುಳು ಜ್ವರ ಬಂದಿತ್ತು. ಬಳ್ಳಾರಿ ಕಡೆ ಗದ್ದೆ ಊರು, ಸೊಳ್ಳೆ ಜಾಸ್ತಿ, ಆ ಕಾಲದಲ್ಲಿ ಎಷ್ಟೋ ಮನೆ ಮಕ್ಕಳಿಗೆ ಬಂದಿದ್ದೇ. ಮಾಮ ಬದುಕಿ ಬಂದ್ರು, ಆದ್ರೆ ಈಗ್ಲೂ ನೀರಿನ ಕೊಡ ಎತ್ತೋವಾಗ ಕೈ ನಡುಗುತ್ತೆ. "ಜ್ವರ ಹೋತವ್ವ, ಕೈಯಾಗಿನ ಕಸುವು ಎಲ್ಲಿಗೆ ಹೋತೋ ಗೊತ್ತಿಲ್ಲ" ಅಂತಿದ್ರು. ನಾನು ಎಂಟ್ರೆನ್ಸ್ ಇಂಟರ್‌ವ್ಯೂನಲ್ಲಿ ಯಾಕೆ ಈ ಟಾಪಿಕ್ ಅಂತ ಕೇಳಿದಾಗ ಹೇಳಿದ್ದು ಈ ಮಾತೇ.

ಮೆದುಳಲ್ಲಿ ಇನ್‌ಫೆಕ್ಷನ್ ಆದ್ರೆ ಅಲ್ಲಿನ ಮೈಕ್ರೋಗ್ಲಿಯಾ ಅನ್ನೋ ಕಾವಲು ಜೀವಕೋಶಗಳು ಎಚ್ಚೆತ್ಕೊಂಡು ಉರಿಯೂತ ಶುರುವಾಗುತ್ತೆ. ಮೆದುಳು ಜ್ವರದಲ್ಲಿ ನರಾನೇ ಹಾಳಾಗಿ ಕೈಕಾಲು ಸೋಲೋದೂ ಉಂಟು, ಆದ್ರೆ ನರ ಸರಿ ಇದ್ರೂ ಸ್ನಾಯು ಸೋಲ್ಬಹುದಾ ಅನ್ನೋದು ನನ್ನ ಪ್ರಶ್ನೆ ಆಗಿತ್ತು. 2024ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯೋರು ನೊಣ, ಇಲಿ ಎರಡ್ರಲ್ಲೂ ತೋರಿಸಿದ್ರು, ಮೆದುಳಿಂದ ಹೊರಟ ಸಂಕೇತ, ಇಲಿಯಲ್ಲಾದ್ರೆ ಐಎಲ್-6 ಅನ್ನೋ ಪ್ರೋಟೀನ್, ರಕ್ತದಲ್ಲಿ ಹೋಗಿ ಸ್ನಾಯುವಿಗೆ ಶಕ್ತಿ ತಯಾರಿಸಿ ಕೊಡೋ ಮೈಟೋಕಾಂಡ್ರಿಯಾದ ಕೆಲಸಾನೇ ಕುಗ್ಗಿಸುತ್ತೆ ಅಂತ. ಆ ಪೇಪರ್ ಬಂದ ರಾತ್ರಿ ನನಗೆ ನಿದ್ದೆ ಇಲ್ಲ, ನಾವು ಹುಡುಕ್ತಿದ್ದ ದಾರಿ ನಿಜವಾಗ್ಲೂ ಇದೆಯಲ್ಲಾ ಅಂತ. ನನ್ನ ಥೀಸಿಸ್‌ನಲ್ಲಿರೋದು ಆ ದಾರಿಯ ಒಂದು ತುಂಡು.

ನಮ್ಮ ಗೈಡ್ ಮೇಡಂಗೆ ಮೊದಲ್ನೇ ನಮಸ್ಕಾರ. ನಾನು ಐಎಲ್-6 ಅಂದ್ರೆ ವಿಲನ್ ಅನ್ನೋ ಥರ ಬರ್ಕೊಂಡು ಹೋಗಿದ್ದೆ. ಮೇಡಂ ಬೋರ್ಡ್ ಮುಂದೆ ನಿಲ್ಲಿಸಿ, ಕೋಪನ್‌ಹೇಗನ್‌ನ ಸಂಶೋಧಕಿ ಬೆಂಟೆ ಪೆಡರ್ಸನ್ ತಂಡದ ಕೆಲಸ ಓದಿಸಿದ್ರು, ವ್ಯಾಯಾಮ ಮಾಡೋವಾಗ ನಮ್ಮ ಸ್ನಾಯುಗಳೇ ಇದೇ ಐಎಲ್-6ನ ರಕ್ತಕ್ಕೆ ಬಿಡ್ತಾವೆ, ಅದರಿಂದ ಒಳ್ಳೇದೇ ಆಗುತ್ತೆ. "ಒಳ್ಳೇದು ಕೆಟ್ಟದ್ದು ಅನ್ಬೇಡ, ಎಲ್ಲಿಂದ ಬಂತು, ಎಷ್ಟು ದಿನ ಉಳೀತು ನೋಡು" ಅಂದ್ರು. ಎರಡನೇ ಚಾಪ್ಟರ್ ಪೂರ್ತಿ ಆ ಒಂದು ಮಾತಿಂದ ಬದಲಾಯ್ತು.

ಹಿಸ್ಟಾಲಜಿ, ಅಂದ್ರೆ ಅಂಗಾಂಶ ಕತ್ತರಿಸಿ ಸ್ಲೈಡ್ ಮಾಡೋ ಲ್ಯಾಬಿನ ಅಕ್ಕನ್ನ ಹೇಗೆ ಮರೀಲಿ. ಇಲಿಯ ಮೀನಖಂಡದಲ್ಲಿರೋ ಸೋಲಿಯಸ್ ಸ್ನಾಯು ಅಂದ್ರೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತೂಕ ಹತ್ತು ಮಿಲಿಗ್ರಾಂ ಆಸುಪಾಸು. ಅದನ್ನ ಸೀದಾ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿದ್ರೆ ಸುತ್ತ ಗಾಳಿಗುಳ್ಳೆ ಎದ್ದು ನಿಧಾನಕ್ಕೆ ಹೆಪ್ಪುಗಟ್ಟಿ, ಒಳಗೆ ಐಸ್ ಹರಳಾಗಿ, ಸ್ಲೈಡ್ ತುಂಬಾ ತೂತು. ಅದಕ್ಕೆ ನೈಟ್ರೋಜನ್‌ನಲ್ಲಿ ತಣ್ಣಗೆ ಮಾಡಿದ ಐಸೋಪೆಂಟೇನ್ ಅನ್ನೋ ದ್ರವದಲ್ಲಿ ಹಾಕ್ಬೇಕು. ಅಕ್ಕ ನನ್ನ ಮಣಿಕಟ್ಟು ಹಿಡ್ಕೊಂಡು ಅದರ ಬೀಕರ್ ಮೇಲೆ ನಿಲ್ಲಿಸಿ "ತಳದಲ್ಲಿ ಬಿಳಿ ಕಟ್ಟಲಿ ತಡಿ, ಇನ್ನೂ ತಡಿ, ಈಗ ಬಿಡು" ಅಂತ ಹೇಳ್ಕೊಟ್ಟಿದ್ದು, ಇವತ್ತಿಗೂ ಕೈ ಆ ಲೆಕ್ಕದಲ್ಲೇ ಕಾಯುತ್ತೆ.

2022ರಲ್ಲಿ ಒಂದು ಶನಿವಾರ ರಾತ್ರಿ ಮೈನಸ್ 80 ಡಿಗ್ರಿ ಫ್ರೀಜರ್ ಕೆಟ್ಟು ಹೋಯ್ತು, ಸೋಮವಾರ ಬಾಗಿಲು ತೆಗೆದಾಗ ಹದಿನಾಲ್ಕು ತಿಂಗಳ ಸ್ಯಾಂಪಲ್ ಎಲ್ಲಾ ನೀರು. ಅವತ್ತು ಕಾರಿಡಾರ್‌ನಲ್ಲಿ ಕೂತು ಅತ್ತಿದ್ದೀನಿ, ಬಿಟ್ಟು ಊರಿಗೆ ಹೋಗ್ತೀನಿ ಅಂದಿದ್ದೀನಿ. ಲ್ಯಾಬ್‌ಮೇಟ್ಸ್ ತಮ್ಮ ಕೆಲಸ ಪಕ್ಕಕ್ಕಿಟ್ಟು ನನ್ನ ಜೊತೆ ಮತ್ತೆ ಮೊದಲಿಂದ ಶುರು ಮಾಡಿದ್ರು, ಅಪ್ಪ ಫೋನಲ್ಲಿ ಏನೂ ಬುದ್ಧಿ ಹೇಳದೆ ಬರೀ ಊಟ ಆಯ್ತಾ ಅಂತ ಕೇಳ್ತಿದ್ರು ದಿನಾ ರಾತ್ರಿ.

ಕೊನೇದಾಗಿ ಅನಿಮಲ್ ಹೌಸ್‌ನಲ್ಲಿ ಇಲಿಗಳನ್ನ ನೋಡ್ಕೊಳ್ಳೋ ಅಣ್ಣ. ಹಿಡಿತದ ಬಲ ಅಳೆಯೋ ಗ್ರಿಪ್ ಟೆಸ್ಟ್‌ನಲ್ಲಿ ಇಲಿ ಜಾಲರಿ ಹಿಡ್ಕೋಬೇಕು, ನಾವು ಬಾಲ ಹಿಡಿದು ಒಂದೇ ಸಮ ಹಿಂದಕ್ಕೆ ಎಳೀಬೇಕು. ನನ್ನ ಕೈಯಲ್ಲಿ ಒಂದೇ ಇಲಿಗೆ ಮೂರು ಸಲ ಮೂರು ಥರ ರೀಡಿಂಗ್. ಅಣ್ಣ ಹೇಳಿದ್ರು, ಅದಕ್ಕೆ ಭಯ ಆಗಿದೆ, ಮೊದ್ಲು ಒಂದು ವಾರ ನಿಮ್ಮ ಕೈ ವಾಸನೆ ಅಭ್ಯಾಸ ಮಾಡಿಸಿ ಅಂತ. ಮಾಡಿಸಿದೆ, ರೀಡಿಂಗ್ ಒಂದೇ ಥರ ಬರೋಕೆ ಶುರುವಾಯ್ತು. ಲಾಕ್‌ಡೌನ್‌ನಲ್ಲಿ ಕ್ಯಾಂಪಸ್ ಖಾಲಿಯಾದಾಗ ದಿನಾ ಸೈಕಲ್ ತುಳ್ಕೊಂಡು ಬಂದು ಅವಕ್ಕೆ ನೀರು, ಮೇವು ಹಾಕಿದೋರೂ ಇವ್ರೇ. ನಮ್ಮ ಪೇಪರ್‌ನ ಲೇಖಕರ ಪಟ್ಟಿಯಲ್ಲಿ ಅಣ್ಣನ ಹೆಸರು ಇಲ್ಲ, ಥೀಸಿಸ್‌ನ ಮೊದಲ ಪುಟದಲ್ಲಿ ಇದೆ.

ನಿನ್ನೆ ಇಲಿ ಹಿಡಿಯೋ ಕ್ರಮಾನ ಹೊಸ ಹುಡುಗರಿಗೆ ಅಂತ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಬಂದೆ. ಇವತ್ತು ಹೋಗಿ ನೋಡಿದ್ರೆ ಅಣ್ಣ ನೀಲಿ ಪೆನ್ನಲ್ಲಿ ಎರಡು ಕಡೆ ತಿದ್ದಿದಾರೆ.